ಮಾಲ್ದೀವ್ಸ್‌ನಲ್ಲಿ ಸಂಜೆಯ ದೋಣಿ ವಿಹಾರ

ಘಾಟಿ ರಸ್ತೆಯಲ್ಲೇ ವಾಂತಿಯಾಗುವ ಅತ್ತೆಯವರನ್ನು ಮಾಲ್ದೀವ್ಸ್‌ನಲ್ಲಿ ಸೂರ್ಯಾಸ್ತದ ದೋಣಿ ವಿಹಾರಕ್ಕೆ ಕರೆದೊಯ್ಯಬಹುದೇ ಎಂದು ಕೇಳಿದ್ದೀರಿ. ಖಂಡಿತ ಕರೆದೊಯ್ಯಿರಿ. ನೀವು ಹೊರಟಿರುವ ಫೆಬ್ರುವರಿಯಲ್ಲಿ ಸಮುದ್ರ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಮೇ ನಂತರ ನೈಋತ್ಯ ಮಾರುತದ ದಿನಗಳಾಗಿದ್ದರೆ ನಾನು ಬೇಡವೆನ್ನುತ್ತಿದ್ದೆ. ವೈದ್ಯರನ್ನು ಕೇಳಿ ವಾಂತಿ ತಡೆಯುವ ಮಾತ್ರೆಯನ್ನು ದೋಣಿ ಹತ್ತುವ ಮೊದಲೇ ಕೊಡಿ. ಹೊಟ್ಟೆ ತೊಳಸತೊಡಗಿದ ಮೇಲೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಕುಲುಕಾಟ ಕಡಿಮೆಯಿರುವ ನಡುಭಾಗದಲ್ಲಿ ಕೂರಿಸಿ, ದೂರದ ದಿಗಂತ ನೋಡಲು ಹೇಳಿ. ಮೊಬೈಲ್ ಕೈಯಲ್ಲಿ ಬೇಡ.

ಮಕ್ಕಳಿಗೆ ಡಾಲ್ಫಿನ್ ಕಾಣುವುದೇ? ಬಹುಮಟ್ಟಿಗೆ ಹೌದು, ಆದರೆ ಖಾತರಿ ಕೊಡಬೇಡಿ. ಸ್ಪಿನ್ನರ್ ಡಾಲ್ಫಿನ್‌ಗಳು ಹಗಲೆಲ್ಲ ಹವಳದ ದ್ವೀಪಗಳ ನಡುವಿನ ಶಾಂತ ನೀರಿನಲ್ಲಿ ವಿಶ್ರಮಿಸಿ, ಸಂಜೆ ಬೇಟೆಗೆಂದು ಹೊರಸಮುದ್ರದತ್ತ ಸಾಗುತ್ತವೆ. ನೀರಿನಿಂದ ಚಿಮ್ಮಿ ಗಾಳಿಯಲ್ಲೇ ಬುಗುರಿಯಂತೆ ಸುತ್ತುವ ಆ ನೋಟಕ್ಕಾಗಿಯೇ ಈ ವಿಹಾರಕ್ಕೆ ಹೋಗಬೇಕು, ಸೂರ್ಯಾಸ್ತ ದಡದಿಂದಲೂ ಕಾಣುತ್ತದೆ.

ಸಮಭಾಜಕ ವೃತ್ತಕ್ಕೆ ಹತ್ತಿರದ ಈ ನಾಡಿನಲ್ಲಿ ವರ್ಷವಿಡೀ ಸಂಜೆ 6ರ ಆಸುಪಾಸಿನಲ್ಲೇ ಸೂರ್ಯ ಮುಳುಗುತ್ತಾನೆ, ಕತ್ತಲೂ ಬೇಗ ಕವಿಯುತ್ತದೆ. ಕೆಲವು ರೆಸಾರ್ಟ್‌ಗಳು ಗಡಿಯಾರವನ್ನು ರಾಜಧಾನಿ ಮಾಲೆಯ ಸಮಯಕ್ಕಿಂತ 1 ಗಂಟೆ ಮುಂದಿಟ್ಟಿರುತ್ತವೆ. ಹೊರಡುವ ಸಮಯವನ್ನು ಅಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ. ಮರಳುವಾಗ ಗಾಳಿ ಜೋರು, ಅತ್ತೆಯವರಿಗೊಂದು ಶಾಲು ಇರಲಿ.

ಒಂದು ವಿನಂತಿ: ಡಾಲ್ಫಿನ್‌ಗಳ ಹಿಂದೆ ದೋಣಿ ಓಡಿಸಿ ಎಂದು ಚಾಲಕರನ್ನು ಒತ್ತಾಯಿಸಬೇಡಿ. ಮಕ್ಕಳು ಎಷ್ಟೇ ಹಟ ಮಾಡಿದರೂ ದಡ ಸೇರುವವರೆಗೆ ಅವರ ಲೈಫ್ ಜಾಕೆಟ್ ಬಿಚ್ಚಬೇಡಿ.