ಉಬುಂಟು ಹಾಕುವುದಾದರೆ ಯಾವುದು: ಎಲ್‌ಟಿಎಸ್ಸಾ, ಹೊಸದಾ?

ಲ್ಯಾಪ್‌ಟಾಪಿಗೆ ಉಬುಂಟು ಹಾಕಿಸಲು ಬರುವ ಜೂನಿಯರುಗಳು ನಮ್ಮಲ್ಲಿ ಮೊದಲು ಕೇಳುವುದು ಇದನ್ನೇ. ಡೌನ್‌ಲೋಡ್ ಪುಟದಲ್ಲಿ ಬಹುತೇಕ ಎರಡು ಆವೃತ್ತಿ ಇರುತ್ತವೆ. ಒಂದು ಎಲ್‌ಟಿಎಸ್, ಇನ್ನೊಂದರ ನಂಬರ್ ದೊಡ್ಡದು. ಕೈ ದೊಡ್ಡ ನಂಬರಿನ ಕಡೆಗೇ ಹೋಗುತ್ತದೆ.

ಆ ನಂಬರಿನ ಲೆಕ್ಕ ಸುಲಭ. 24.04 ಅಂದರೆ 2024ರ ಏಪ್ರಿಲ್. ಪ್ರತಿ ಏಪ್ರಿಲ್ ಮತ್ತು ಅಕ್ಟೋಬರಿಗೆ ಒಂದೊಂದು ಆವೃತ್ತಿ ಬರುತ್ತದೆ. ಸಮಸಂಖ್ಯೆಯ ವರ್ಷದ ಏಪ್ರಿಲಿನದ್ದು ಮಾತ್ರ ಎಲ್‌ಟಿಎಸ್, ಅಂದರೆ ದೀರ್ಘಾವಧಿ ಬೆಂಬಲದ್ದು. ಅದಕ್ಕೆ 5 ವರ್ಷ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತದೆ. ಉಳಿದವಕ್ಕೆ 9 ತಿಂಗಳು ಮಾತ್ರ.

ಈ 9 ತಿಂಗಳನ್ನು ನಮ್ಮ ಊರಿನ ಕ್ಯಾಲೆಂಡರಿನಲ್ಲಿಟ್ಟು ನೋಡಿ. ಅಕ್ಟೋಬರಿನ ಆವೃತ್ತಿಯ ಆಯುಸ್ಸು ಮುಗಿಯುವುದು ಜುಲೈಯಲ್ಲಿ. ಶಿರ್ತಾಡಿ ಕಡೆಯಿಂದ ಬರುವವರಿಗೆ ಜುಲೈ ಅಂದರೆ ಏನೆಂದು ಹೇಳಬೇಕಾಗಿಲ್ಲ. ಮರ ಬಿದ್ದು ಲೈನ್ ಹೋದರೆ ಕರೆಂಟು ಯಾವಾಗ ಬರುತ್ತದೋ ದೇವರೇ ಬಲ್ಲ. ಆವೃತ್ತಿ ಬದಲಿಸುವುದೆಂದರೆ ಸಾವಿರಾರು ಪ್ಯಾಕೇಜುಗಳನ್ನು ಬದಲಿಸುವ ಕೆಲಸ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಮಾಡಿದರೆ ದಿನದ ಡೇಟಾ ಅದಕ್ಕೇ ಮುಗಿಯಬಹುದು. ನಡುವೆ ಬ್ಯಾಟರಿ ಹೋಯಿತೋ, ಮರುದಿನ ಬೂಟ್ ಆಗದ ಲ್ಯಾಪ್‌ಟಾಪ್ ಹಿಡಿದುಕೊಂಡು ಬಸ್ಸು ಹತ್ತಬೇಕು. ಬೇಡ, ಹಾಗೇ ಬಿಡುವ ಅಂದರೆ ಸೆಕ್ಯುರಿಟಿ ಅಪ್‌ಡೇಟ್ ನಿಂತುಹೋಗುತ್ತದೆ. ಬ್ಯಾಂಕಿನ ಕೆಲಸವೂ ಅದರಲ್ಲೇ ಮಾಡುವವರು ಸ್ವಲ್ಪ ಯೋಚಿಸಿ.

ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಕಂಪ್ಯೂಟರುಗಳೂ ಉಬುಂಟು ಮೂಲದವೇ. ಕೇರಳದ ಶಾಲೆಗಳಿಗೆ ಕೈಟ್ ಸಂಸ್ಥೆ ಅದನ್ನು ಸಿದ್ಧಮಾಡಿ ಕೊಡುತ್ತದೆ: ಮೊದಲು 18.04, ಆಮೇಲೆ 22.04. ಎರಡೂ ಎಲ್‌ಟಿಎಸ್. ಪಾಠಪುಸ್ತಕದಲ್ಲಿ ಅಚ್ಚಾದ ಮೆನುವೇ ಮಗುವಿನ ಪರದೆಯಲ್ಲೂ ಕಾಣಬೇಕಲ್ಲ. ವರ್ಷಕ್ಕೆರಡು ಸಲ ಅದು ಬದಲಾದರೆ ಮೇಷ್ಟ್ರ ಗತಿ ಏನು ಮಾರಾಯ್ರೆ!

ನಮ್ಮ ಪ್ರಾಜೆಕ್ಟುಗಳ ಕಥೆಯೂ ಅದೇ. ರೋಬೋಟಿಕ್ಸಿನವರು ಬಳಸುವ ರಾಸ್ 2ರ ಹಂಬಲ್ ಆವೃತ್ತಿಗೆ 22.04 ಬೇಕು, ಜಾಝಿಗೆ 24.04. ನಡುವಿನ ಉಬುಂಟುಗಳಿಗೆ ಅದರ ಸಿದ್ಧ ಪ್ಯಾಕೇಜೇ ಇಲ್ಲ. 2024ರಲ್ಲಿ ಬಿಇ ಸೇರಿ 24.04 ಹಾಕಿಕೊಂಡವರಿಗೆ 2028ರಲ್ಲಿ ಡಿಗ್ರಿ ಕೈಗೆ ಬಂದ ಮೇಲೂ ಬೆಂಬಲ ಉಳಿದಿರುತ್ತದೆ.

ಹಾಗಂತ ಹೊಸದು ಬೇಡವೇ ಬೇಡ ಅಂತಲ್ಲ. ಈಗಷ್ಟೇ ಮಾರುಕಟ್ಟೆಗೆ ಬಂದ ಲ್ಯಾಪ್‌ಟಾಪಿನ ವೈಫೈ ಹಳೆಯ ಕರ್ನೆಲ್‌ಗೆ ಗುರುತು ಸಿಗದೇ ಇರಬಹುದು. ಆಗಲೂ ಮೊದಲು ಎಲ್‌ಟಿಎಸ್ಸಿನ ಪರಿಷ್ಕೃತ ಪ್ರತಿಯನ್ನು ಪೆನ್‌ಡ್ರೈವಿನಿಂದ, ಇನ್‌ಸ್ಟಾಲ್ ಮಾಡದೆ, ಓಡಿಸಿ ನೋಡಿ. 24.04 ಹೊರಬಂದದ್ದು 6.8 ಕರ್ನೆಲ್‌ನೊಂದಿಗೆ, 2025ರ ಆಗಸ್ಟಿನ 24.04.3ರಲ್ಲಿ 6.14 ಇತ್ತು. ಅದರಲ್ಲೂ ವೈಫೈ ಬರಲಿಲ್ಲ ಅಂದರೆ ಹೊಸ ಆವೃತ್ತಿ ಹಾಕಿ, ಮುಂದಿನ ಎಲ್‌ಟಿಎಸ್ ಬಂದಾಗ ಅದರಲ್ಲೇ ನಿಂತುಬಿಡಿ. ಬರೀ ಒಂದು ಹೊಸ ಸಾಫ್ಟ್‌ವೇರ್ ಬೇಕಾದರೆ ಸ್ನ್ಯಾಪ್ ಅಥವಾ ಡಾಕರ್ ಸಾಕು. ಕನ್ನಡ ಟೈಪಿಂಗಿಗಂತೂ ಹೊಸದರ ಹಂಗಿಲ್ಲ. ನಮ್ಮ ಕಿನ್ನಿಕಂಬಳದ ಕೆ. ಪಿ. ರಾವ್ ಅವರ ಕಗಪ ಕೀಲಿಮಣೆ ಎರಡರಲ್ಲೂ ಉಂಟು.

ಒಂದು ಎಲ್‌ಟಿಎಸ್ಸಿನಿಂದ ಮುಂದಿನದಕ್ಕೆ ಹೋಗಲು ಸೂಚನೆ ಬರುವುದು ಅದರ ಮೊದಲ ಪರಿಷ್ಕರಣೆಯ ನಂತರ, ಸುಮಾರು ಆಗಸ್ಟಿನಲ್ಲಿ. ಅದೂ ಮಳೆಗಾಲವೇ, ಆದರೆ ಹಳೆಯದಕ್ಕೆ ಇನ್ನೂ ಎರಡೂವರೆ ವರ್ಷಕ್ಕೂ ಹೆಚ್ಚು ಬೆಂಬಲ ಇರುತ್ತದೆ. ನವೆಂಬರಿನಲ್ಲಿ ಮಳೆ ಬಿಟ್ಟ ಮೇಲೆ, ಹೋಮ್ ಫೋಲ್ಡರಿನ ಬ್ಯಾಕಪ್ ತೆಗೆದು, ಚಾರ್ಜರ್ ಸಿಕ್ಕಿಸಿ, ಕಾಲೇಜಿನ ವೈಫೈಯಲ್ಲಿ ನಿಧಾನಕ್ಕೆ ಮಾಡಿದರಾಯಿತು.