ಬೆನ್ನುನೋವೂ ಶಸ್ತ್ರಕ್ರಿಯೆಯೂ

ಬಹುಕಾಲ ಬೆನ್ನುನೋವಿನಿಂದ ಬಳಲಿದವನಿಗೆ, ಬೆನ್ನೆಲುಬಿನ ಬಿಲ್ಲೆ ಜಾರಿದೆಯೆಂಬ ಮಾತು ಕೇಳಿದೊಡನೆ ಜೀವ ಹಾರಿದಂತಾಗುತ್ತದೆ. ವಾಸ್ತವವಾಗಿ ಬಿಲ್ಲೆ ಎಲ್ಲಿಗೂ ಜಾರುವುದಿಲ್ಲ. ಕಶೇರುಮಣಿಗಳ ನಡುವಣ ಈ ಮೆತ್ತೆಗೆ ಹೊರಗೆ ನಾರಿನ ಬಳೆ, ಒಳಗೆ ಲೋಳೆಯಂಥ ತಿರುಳು. ಬಳೆ ಬಿರಿದಾಗ ತಿರುಳು ಹೊರಚಾಚಿ ಸಮೀಪದ ನರವನ್ನು ಕೆರಳಿಸುತ್ತದೆ. ನೋವು ಕಾಲಿಗೂ ಇಳಿಯುತ್ತದೆ.

1934ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಇದನ್ನು ವಿವರಿಸಿದ ಬಳಿಕ ಶಸ್ತ್ರಕ್ರಿಯೆ ಬಹುವಾಗಿ ರೂಢಿಗೆ ಬಂದಿತು. ಆದರೆ ದೇಹವೂ ಸುಮ್ಮನಿರುವುದಿಲ್ಲ. ಹೊರಬಂದ ತಿರುಳನ್ನು ಅದು ಪರಕೀಯ ವಸ್ತುವೆಂದು ಬಗೆಯುತ್ತದೆ. ಹಲವರಲ್ಲಿ ಭಕ್ಷಕಕೋಶಗಳು ಅದನ್ನು ಕೆಲವು ತಿಂಗಳುಗಳಲ್ಲಿ ಕರಗಿಸಿಬಿಡುತ್ತವೆ. ವಿಚಿತ್ರವೆಂದರೆ, ದೊಡ್ಡ ಚೂರುಗಳೇ ಹೆಚ್ಚು ಸುಲಭವಾಗಿ ಕರಗುವುದುಂಟು! ನಾರ್ವೆಯ ವೇಬರ್ 1983ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಶಸ್ತ್ರಕ್ರಿಯೆಗೆ ಒಳಗಾದವರು ಒಂದು ವರ್ಷದ ಬಳಿಕ ಮುಂದಿದ್ದರು. ನಾಲ್ಕು ವರ್ಷಗಳಾಗುವಷ್ಟರಲ್ಲಿ ಗಣನೀಯವಾದ ಅಂತರವೇನೂ ಉಳಿಯಲಿಲ್ಲ.

ಹಾಗೆಂದು ಹಾಸಿಗೆ ಹಿಡಿಯಲಾಗದು. ದಿನಗಟ್ಟಲೆ ಮಲಗಿದರೆ ಬೆನ್ನಿನ ಸ್ನಾಯುಗಳು ಸೊರಗುತ್ತವೆ. ಸಹಿಸಲಾಗುವಷ್ಟು ನಡೆದಾಡುತ್ತ, ವ್ಯಾಯಾಮವನ್ನು ಕ್ರಮೇಣ ಹೆಚ್ಚಿಸುವುದು ಮೇಲು. ಆದರೆ ತೊಡೆಯ ಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಕಾಲಿನ ಬಲ ಕುಂದುತ್ತ ಹೋದರೆ, ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಆಗ ನರವನ್ನು ಉಳಿಸಲು ಶಸ್ತ್ರಕ್ರಿಯೆಯೇ ಬೇಕಾದೀತು.