ಸುಪ್ತ ಕ್ಷಯ ಮತ್ತು ಅಡ್ರಿನಲ್ ಗ್ರಂಥಿ

1855ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಥಾಮಸ್ ಅಡಿಸನ್ 11 ರೋಗಿಗಳ ವಿವರ ಪ್ರಕಟಿಸಿದರು. ವಿಪರೀತ ನಿಶ್ಶಕ್ತಿ, ಕಪ್ಪಾಗುವ ಚರ್ಮ ಮುಂದೆ ‘ಅಡಿಸನ್ ಕಾಯಿಲೆ’ ಎಂದು ಹೆಸರಾದ ಈ ರೋಗದ ಗುರುತು. ಮೂಲ ಮಾತ್ರ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿಗಳಲ್ಲಿತ್ತು. ಹಲವರಲ್ಲಿ ಅವನ್ನು ಹಾಳುಮಾಡಿದ್ದು ಕ್ಷಯ. ಆದರೆ ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾ ಪತ್ತೆ ಮಾಡಿದ್ದು ಆಮೇಲೆ, 1882ರಲ್ಲಿ!

ಹಾಗಾದರೆ ಸುಪ್ತ ಕ್ಷಯವೂ ಗ್ರಂಥಿಗಳನ್ನು ಕೆಡಿಸುತ್ತದೆಯೇ?

ವ್ಯಾಖ್ಯೆಯ ಪ್ರಕಾರ ಇಲ್ಲ. ಸುಪ್ತ ಸ್ಥಿತಿಯಲ್ಲಿ ಬ್ಯಾಕ್ಟೀರಿಯಾ ದೇಹದಲ್ಲಿದ್ದರೂ ರೋಗನಿರೋಧಕ ಶಕ್ತಿಯ ಹಿಡಿತದಲ್ಲಿರುತ್ತದೆ. ಲಕ್ಷಣಗಳಿರುವುದಿಲ್ಲ, ಇತರರಿಗೆ ಹರಡುವುದಿಲ್ಲ. ಇಂಥವರಲ್ಲಿ ಶೇ 5ರಿಂದ 10ರಷ್ಟು ಜನರಿಗೆ ಜೀವಿತಾವಧಿಯಲ್ಲಿ ಸಕ್ರಿಯ ಕ್ಷಯ ಬರಬಹುದು. ಆಗ ರಕ್ತದ ಮೂಲಕ ಅಡ್ರಿನಲ್‌ಗೆ ತಲುಪಿದ ಸೋಂಕು, ಶ್ವಾಸಕೋಶದಲ್ಲಿ ಸುಳಿವೇ ಇಲ್ಲದಿದ್ದರೂ ಗ್ರಂಥಿಯನ್ನು ನಿಧಾನವಾಗಿ ನಾಶಮಾಡಬಲ್ಲದು. ಗ್ರಂಥಿಯ ಬಹುಭಾಗ ನಾಶವಾದ ಮೇಲೆಯೇ ಲಕ್ಷಣಗಳು ಕಾಣುತ್ತವೆ. ಗ್ರಂಥಿ ಸ್ರವಿಸುವ ಕಾರ್ಟಿಸಾಲ್, ಆಲ್ಡೋಸ್ಟೆರಾನ್ ಹಾರ್ಮೋನುಗಳು ಕುಸಿದು ರಕ್ತದೊತ್ತಡ, ಸೋಡಿಯಂ ಇಳಿಯುತ್ತವೆ; ಪೊಟ್ಯಾಸಿಯಂ ಏರುತ್ತದೆ.

ಇತರ ಗ್ರಂಥಿಗಳಾದ ಪಿಟ್ಯುಟರಿ, ಥೈರಾಯ್ಡ್‌ಗಳಿಗೆ ಕ್ಷಯ ತಗಲುವುದು ಅಪರೂಪ. ಮಧುಮೇಹದ ನಂಟು ಮಾತ್ರ ತಿರುಗುಮುರುಗು: ಅದು ಸುಪ್ತ ಕ್ಷಯ ಸಕ್ರಿಯವಾಗುವ ಅಪಾಯವನ್ನು ಹೆಚ್ಚಿಸುತ್ತದೆ.

ನೆನಪಿಡಬೇಕಾದ ಇನ್ನೊಂದು ಅಂಶ: ಕ್ಷಯದ ಔಷಧ ರಿಫಾಂಪಿಸಿನ್ ಯಕೃತ್ತಿನಲ್ಲಿ ಕಾರ್ಟಿಸಾಲ್ ವಿಭಜನೆಯನ್ನು ಚುರುಕುಗೊಳಿಸುತ್ತದೆ. ಆದ್ದರಿಂದ ಅಡಿಸನ್ ಕಾಯಿಲೆಯವರಿಗೆ ಕ್ಷಯ ಚಿಕಿತ್ಸೆಯ ವೇಳೆ, ಕಾರ್ಟಿಸಾಲ್‌ಗೆ ಬದಲಾಗಿ ಕೊಡುವ ಸ್ಟೀರಾಯ್ಡ್ ಪ್ರಮಾಣ ಹೆಚ್ಚಿಸಬೇಕಾಗುತ್ತದೆ.